ಈಚಿನ ಪಾಪ್, ಕೆ-ಪಾಪ್ ಹಾಡುಗಳಲ್ಲಿ ಬ್ರಿಡ್ಜ್ ಎಲ್ಲಿ ಹೋಯ್ತು?

ಕೇಳುಗಿ:

2024, 2025ರಲ್ಲಿ ಬಂದ ಪಾಪ್, ಕೆ-ಪಾಪ್ (ಕೊರಿಯಾದ ಪಾಪ್) ಹಾಡುಗಳನ್ನು ಹೋದ ಎರಡು ವಾರ ಕೂತು ಮತ್ತೆ ಕೇಳಿದೆ. ಬಂದ ದಿನ ಹತ್ತು ಸಲ ಕೇಳಿದ್ದ ಕೆಲವು ಹಾಡುಗಳು ಈಗ ಅರ್ಧಕ್ಕೇ ಸಾಕೆನಿಸಿದವು. ಆಗ ಪರವಾಗಿಲ್ಲ ಅಂತ ಬಿಟ್ಟಿದ್ದ ಕೆಲವು ಈಗ ನನ್ನನ್ನು ಬಿಡುತ್ತಿಲ್ಲ. ಎರಡಕ್ಕೂ ಏನು ವ್ಯತ್ಯಾಸ ಅಂತ ಬರೆದಿಟ್ಟುಕೊಂಡು ನೋಡಿದೆ. ಪ್ರತಿ ಸಲವೂ ಒಂದೇ ಕಡೆ ಬಂದು ನಿಂತೆ. ಬ್ರಿಡ್ಜ್.

ಹೆಸರು ಕೇಳಿಲ್ಲದವರಿಗೆ ಒಂದು ಮಾತು. ಚರಣ, ಪಲ್ಲವಿ, ಮತ್ತೆ ಚರಣ, ಮತ್ತೆ ಪಲ್ಲವಿ ಆದಮೇಲೆ ಹಾಡು ಒಮ್ಮೆ ಬೇರೆ ದಾರಿ ಹಿಡಿಯುತ್ತದಲ್ಲ, ಅದೇ ಬ್ರಿಡ್ಜ್. ರಾಗ ಬದಲಾಗುತ್ತದೆ. ಕೆಲವೊಮ್ಮೆ ಬೀಟ್ ನಿಂತೇ ಹೋಗುತ್ತದೆ. ಹಾಡುವವರು ಅಲ್ಲಿಯತನಕ ನುಂಗಿಕೊಂಡಿದ್ದ ಮಾತು ಹೊರಗೆ ಬರುತ್ತದೆ. ಆಮೇಲೆ ಬರುವ ಕೊನೆಯ ಪಲ್ಲವಿಯಲ್ಲಿ ಅದೇ ಪದ, ಅದೇ ರಾಗ ಇದ್ದರೂ ಅದು ಹಳೆಯ ಪಲ್ಲವಿಯಾಗಿ ಕೇಳುವುದಿಲ್ಲ.

ಚಾಪೆಲ್ ರೋನ್ ಅವರ 'ಗುಡ್ ಲಕ್, ಬೇಬ್!' ತಗೊಳ್ಳಿ. 2024ರ ಏಪ್ರಿಲ್‌ನಲ್ಲಿ ಬಂದ ಹಾಡು. ತನ್ನನ್ನು ಪ್ರೀತಿಸಿಯೂ ಅದನ್ನು ಒಪ್ಪಿಕೊಳ್ಳದ ಹುಡುಗಿಗೆ ಹಾಡುವವಳು ಶುಭಾಶಯ ಹೇಳುತ್ತಿದ್ದಾಳೆ. ಪಲ್ಲವಿಯಲ್ಲಿ ದನಿ ತೆಳುವಾಗಿ ಮೇಲಕ್ಕೆ ಹೋಗುತ್ತದೆ, ಇನ್ನೂ ಸೌಜನ್ಯ ಉಳಿಸಿಕೊಂಡಿದೆ. ಬ್ರಿಡ್ಜ್ ಬಂತು ನೋಡಿ, ಆ ಸೌಜನ್ಯ ಮುಗಿಯಿತು. ವರ್ಷಗಳಾದ ಮೇಲೆ, ಯಾರದೋ ಹೆಂಡತಿಯಾಗಿ, ನಡುರಾತ್ರಿ ಎಚ್ಚರವಾದಾಗ ನಿನಗೆ ಗೊತ್ತಾಗುತ್ತದೆ ಅಂತ ಕೂಗಿಬಿಡುತ್ತಾಳೆ. ಅದಾದ ಮೇಲೆ ಹಾಡು ಬ್ಯಾಟರಿ ಹೋಗುತ್ತಿರುವ ಟೇಪ್ ರೆಕಾರ್ಡರ್‌ನ ಹಾಗೆ ನಿಧಾನವಾಗುತ್ತಾ, ದಪ್ಪವಾಗುತ್ತಾ ಮುಗಿಯುತ್ತದೆ. ಆ ಕೂಗು ಇಲ್ಲದಿದ್ದರೆ ಆ ನಿಧಾನಕ್ಕೆ ಅರ್ಥವೇ ಇರುತ್ತಿರಲಿಲ್ಲ. ಎಷ್ಟು ಸಲ ಕೇಳಿದರೂ ಅಲ್ಲಿ ನನಗೆ ಎದೆ ಭಾರವಾಗುತ್ತದೆ.

ಲೇಡಿ ಗಾಗಾ ಅವರ 'ಅಬ್ರಕಡಾಬ್ರ' ಕೂಡ ಹಾಗೆಯೇ. ಪಲ್ಲವಿ ಮಂತ್ರ ಹಾಕಿದ ಹಾಗೆ ಒಂದೇ ಶಬ್ದವನ್ನು ಮುರಿದು ಮುರಿದು ಹೇಳುತ್ತದೆ. ಅದಷ್ಟೇ ಇದ್ದಿದ್ದರೆ ಮೂರನೇ ಸಲಕ್ಕೆ ಬೇಸರ ಬರುತ್ತಿತ್ತು. ನಡುವೆ ರಾಗ ಕತ್ತಲಿಗೆ ಹೊರಳಿ ವಾಪಸ್ ಬರುತ್ತದೆ, ಹಾಗಾಗಿ ಬೇಸರ ಬರುವುದಿಲ್ಲ. ಬಿಲ್ಲೀ ಐಲಿಶ್ ಅವರ 2024ರ ಆಲ್ಬಂನಲ್ಲಿ ಎಲ್ಲರೂ 'ಬರ್ಡ್ಸ್ ಆಫ್ ಎ ಫೆದರ್' ಕೇಳಿದರು. ನನಗೆ ಹೆಚ್ಚು ಹಿಡಿಸಿದ್ದು 'ಲಾಮೂರ್ ದ ಮಾ ವೀ'. ನಿಧಾನವಾಗಿ ಶುರುವಾಗಿ ಅರ್ಧದಲ್ಲಿ ಪೂರ್ತಿ ಬೇರೆ ಹಾಡೇ ಆಗುತ್ತದೆ. ಮೊದಲಿನ ಬೇಸರ, ಆಮೇಲಿನ ಸಿಂಥ್ ಕುಣಿತ. ಎರಡೂ ಒಂದೇ ಮನಸ್ಸಿನದು ಅಂತ ನಂಬಿಸುತ್ತಾಳೆ.

ಈಗ ಕೆ-ಪಾಪ್‌ಗೆ ಬರೋಣ. ನನ್ನ ನೋವಿರುವುದು ಇಲ್ಲಿ. ನಾನು ಈ ಸಂಗೀತಕ್ಕೆ ಬಂದಿದ್ದೇ ಬ್ರಿಡ್ಜ್‌ಗಾಗಿ. 2007ರಲ್ಲಿ ಬಂದ ಗರ್ಲ್ಸ್ ಜನರೇಷನ್‌ನ 'ಇನ್‌ಟು ದ ನ್ಯೂ ವರ್ಲ್ಡ್' ನಾಲ್ಕು ನಿಮಿಷಕ್ಕೂ ಜಾಸ್ತಿ ಇದೆ. ಒಂಬತ್ತು ಜನ ಹಾಡುತ್ತಾರೆ, ಎಲ್ಲರಿಗೂ ಉಸಿರಾಡಲು ಜಾಗ ಇದೆ. ಈಗ ನೋಡಿ. ಐಲಿಟ್‌ನ 'ಮ್ಯಾಗ್ನೆಟಿಕ್' ಎರಡು ನಿಮಿಷ ನಲವತ್ತು ಸೆಕೆಂಡು. ಪಲ್ಲವಿ ತುಂಬಾ ಮುದ್ದಾಗಿದೆ, ನಿಜ. ಅದು ಮುಗಿಯುವಷ್ಟರಲ್ಲಿ ಹಾಡೂ ಮುಗಿದಿರುತ್ತದೆ. ಜೆನ್ನಿಯ 'ಲೈಕ್ ಜೆನ್ನಿ' ಎರಡು ನಿಮಿಷ ಚಿಲ್ಲರೆ. ಬ್ಲ್ಯಾಕ್‌ಪಿಂಕ್ 2022ರ ಆಲ್ಬಂ ಆದಮೇಲೆ ಸುಮಾರು ಮೂರು ವರ್ಷ ಕಾಯಿಸಿ, 2025ರ ಜುಲೈನಲ್ಲಿ 'ಜಂಪ್' ಕೊಟ್ಟಿತು. ನಾಲ್ಕು ಬೇರೆ ಬೇರೆ ಕಂಠಗಳಿರುವ ಗುಂಪು ಅದು. ಪಲ್ಲವಿ ಬರಬೇಕಾದ ಜಾಗದಲ್ಲಿ ಹಾರ್ಡ್‌ಸ್ಟೈಲ್ ಅನ್ನುವ ಜೋರು ಡ್ಯಾನ್ಸ್ ಬೀಟ್ ಬಂದು ಕೂತಿದೆ. ಗುಂಪಿನ ರೋಸೆಯ ಕಂಠಕ್ಕೆ ಅಲ್ಲಿ ಮಾಡಲು ಕೆಲಸವೇ ಇಲ್ಲ ಅನ್ನಿಸಿತು.

ಏಸ್ಪಾ ಒಂದೇ ಗುಂಪಾದರೂ ನನ್ನ ಪಟ್ಟಿಯಲ್ಲಿ ಎರಡೂ ಕಡೆ ಇದೆ. 2024ರ ಮೇ ತಿಂಗಳ 'ಸೂಪರ್‌ನೋವಾ' ನಡುವೆ ಒಮ್ಮೆ ಪೂರ್ತಿ ಮಗ್ಗುಲು ಬದಲಿಸುತ್ತದೆ. 1982ರ 'ಪ್ಲಾನೆಟ್ ರಾಕ್' ಹಾಡಿನ ತುಣುಕು ಬಂದು ಹಳೆಯ ಎಲೆಕ್ಟ್ರೋ ಕೇಳುತ್ತದೆ. ಆಮೇಲೆ ಕಂಠಗಳು ಒಡೆದುಕೊಂಡು ಬರುತ್ತವೆ. ಅಕ್ಟೋಬರ್‌ನ 'ವಿಪ್‌ಲ್ಯಾಶ್' ನುಣ್ಣಗಿನ ಟೆಕ್ನೋ. ಬೀಟ್ ಚೆನ್ನಾಗಿದೆ. ಆದರೆ ನನಗೆ ಮೊದಲ ನಿಮಿಷವೂ ಕೊನೆಯ ನಿಮಿಷವೂ ಒಂದೇ ಥರ ಕೇಳುತ್ತದೆ.

ಹಾಡುಗಳು ಗಿಡ್ಡವಾಗಿದ್ದೇ ಬ್ರಿಡ್ಜ್ ಸಾಯಲು ಕಾರಣ ಅಂತ ನನ್ನ ಅನಿಸಿಕೆ. ನಿಮಗೇನನ್ನಿಸುತ್ತದೆ?

ಬೇಸ್‌ಲೈನ್:

ಬರೆದಿದ್ದು ಇಷ್ಟವಾಯಿತು, ಕೊನೆಯ ಸಾಲು ಬಿಟ್ಟು. ಗಿಡ್ಡ ಆಗಿದ್ದಕ್ಕೆ ಬ್ರಿಡ್ಜ್ ಹೋಯಿತು ಅನ್ನುವುದನ್ನು ನಾನು ಒಪ್ಪಲ್ಲ.

ರೋಸೆ ಮತ್ತು ಬ್ರೂನೋ ಮಾರ್ಸ್ ಹಾಡಿದ 'ಆಪಟ್' ಎಷ್ಟುದ್ದ ಇದೆ? ಮೂರು ನಿಮಿಷವೂ ಇಲ್ಲ. ಅದರಲ್ಲಿ ಆಟದ ಕೂಗು ಇದೆ, ಚರಣ ಇದೆ, ಪಲ್ಲವಿಗೆ ಮುಂಚೆ ಏರುವ ರಾಗ ಇದೆ, ಪಲ್ಲವಿ ಇದೆ. ಇಷ್ಟೆಲ್ಲ ಆದಮೇಲೆ ನಡುವೆ ಡ್ರಮ್ ಜೊತೆ ಕೂಗಿ ಸವಾಲು ಹಾಕುವ ಬ್ರಿಡ್ಜೂ ಇದೆ. ಎಲ್ಲಾ ಹಿಡಿಸಿದೆ, ಯಾವುದೂ ಇಕ್ಕಟ್ಟಾಗಿಲ್ಲ. 1960ರ ದಶಕದ ಸಿಂಗಲ್‌ಗಳೂ ಹೆಚ್ಚಿನವು ಎರಡೂವರೆ ನಿಮಿಷದ ಆಸುಪಾಸು. ಅವುಗಳಲ್ಲಿ ಎಷ್ಟೋ ಹಾಡುಗಳಿಗೆ ಎಂಟು ಬಾರ್‌ನ (ತಾಳದ ಆವರ್ತದ) ನಡುಭಾಗ ಇರುತ್ತಿತ್ತು. ಮಿಡಲ್ ಏಟ್ ಅನ್ನುವ ಹೆಸರು ಬಂದಿದ್ದೇ ಅದರಿಂದ.

ಇನ್ನೊಂದು ಕಡೆ ಪಿಂಕ್‌ಪ್ಯಾಂಥರೆಸ್ ಇದ್ದಾರೆ. 2025ರ ಮೇ ತಿಂಗಳಲ್ಲಿ ಬಂದ 'ಫ್ಯಾನ್ಸಿ ದ್ಯಾಟ್'ನಲ್ಲಿ 9 ಹಾಡು, ಒಟ್ಟು ಸುಮಾರು 20 ನಿಮಿಷ. ಒಂದು ಹಾಡು ಇನ್ನೊಂದಕ್ಕೆ ಬ್ರಿಡ್ಜ್ ಆಗುತ್ತದೆ ಅಂತ ನನಗನ್ನಿಸುತ್ತದೆ. ಹಾಡನ್ನಲ್ಲ, ಪೂರ್ತಿ ಇಪ್ಪತ್ತು ನಿಮಿಷ ಕೇಳಬೇಕು. ಅಳತೆಗೋಲು ಹಿಡಿದು ಕೂತರೆ ಈ ಥರದ್ದು ಕೈ ತಪ್ಪಿ ಹೋಗುತ್ತದೆ.

ಕೇಳುಗಿ:

ಬೇಸ್‌ಲೈನ್ ಅವರೇ, 'ಆಪಟ್' ವಿಷಯದಲ್ಲಿ ನೀವು ಹೇಳಿದ್ದು ಸರಿ. ಈಗ ಮತ್ತೆ ಕೇಳಿದೆ. ನನ್ನ ಪಟ್ಟಿಯಲ್ಲಿ ಅದು ಈಗಲೂ ನನ್ನನ್ನು ಬಿಡದ ಹಾಡುಗಳ ಕಡೆಯೇ ಇತ್ತು, ಯಾಕೆ ಅಂತ ಯೋಚಿಸಿರಲಿಲ್ಲ. ಹಾಗಾದರೆ ಗಿಡ್ಡ ಆಗಿದ್ದು ಕಾರಣ ಅಲ್ಲ. ಇರುವ ಜಾಗವನ್ನು ಯಾವುದಕ್ಕೆ ಕೊಡುತ್ತಾರೆ ಅನ್ನುವುದು ಕಾರಣ. ಪಲ್ಲವಿಯ ಹದಿನೈದು ಸೆಕೆಂಡಿಗೆ ಎಲ್ಲ ಕೊಟ್ಟುಬಿಟ್ಟರೆ, ಉಳಿದಿದ್ದು ಅದಕ್ಕೆ ದಾರಿ ಮಾತ್ರ ಆಗುತ್ತದೆ.

ಲೈಟ್‌ಸ್ಟಿಕ್:

ಆ ಹದಿನೈದು ಸೆಕೆಂಡು ಯಾಕೆ ಅಂತ ಎಲ್ಲರಿಗೂ ಗೊತ್ತಲ್ವಾ? ಗಿಡ್ಡ ವಿಡಿಯೋದಲ್ಲಿ ಕುಣಿಯಲು ಬೇಕಾದಷ್ಟು. ಸ್ಪಾಟಿಫೈನಲ್ಲಿ 30 ಸೆಕೆಂಡು ದಾಟಿದರೆ ಒಂದು ಸಲ ಕೇಳಿದ ಲೆಕ್ಕ. ಎರಡೂವರೆ ನಿಮಿಷದ ಹಾಡು ಎರಡು ಸಲ ಓಡಿದರೆ ಎರಡು ಲೆಕ್ಕ, ಐದು ನಿಮಿಷದ್ದು ಒಂದು ಸಲ ಓಡಿದರೆ ಒಂದೇ.

ಕೆ-ಪಾಪ್‌ನಲ್ಲಿ ಇದರ ಪೆಟ್ಟು ಜಾಸ್ತಿ ಬೀಳುವುದು ಹಾಡುವವರಿಗೆ. ಎಂಟು ಜನರ ಗುಂಪಿಗೆ 160 ಸೆಕೆಂಡಿನ ಹಾಡು ಕೊಟ್ಟರೆ ಒಬ್ಬೊಬ್ಬರಿಗೆ 20 ಸೆಕೆಂಡು. ಅದರಲ್ಲಿ ಪಲ್ಲವಿ ಎಲ್ಲರೂ ಸೇರಿ ಹಾಡುವುದು. ಇನ್ನು ಮುಖ್ಯ ಗಾಯಕಿ ಎಲ್ಲಿ ಹಾಡಬೇಕು? ಬ್ರಿಡ್ಜ್ ಅವಳ ಜಾಗ. ವರ್ಷಗಟ್ಟಲೆ ಟ್ರೇನಿಂಗ್ ಮಾಡಿ ಬಂದ ಹುಡುಗಿಗೆ ಆ ಜಾಗವೇ ಇಲ್ಲ ಅಂದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಆದರೆ 'ಜಂಪ್' ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅದನ್ನು ಮೊದಲು ಹಾಡಿದ್ದೇ ಕೊರಿಯಾದ ಗೋಯಾಂಗ್ ಸ್ಟೇಡಿಯಂನಲ್ಲಿ, ಜುಲೈ 5ಕ್ಕೆ. ಹಾಡು ಬಿಡುಗಡೆ ಆಗಿದ್ದು 11ಕ್ಕೆ. ಅಷ್ಟು ಜನ ಒಟ್ಟಿಗೆ ನೆಗೆಯುವ ಜಾಗಕ್ಕೆ ಮಾಡಿದ ಹಾಡನ್ನು ಇಯರ್‌ಫೋನ್‌ನಲ್ಲಿ ಕೇಳಿ ತೀರ್ಪು ಕೊಟ್ಟರೆ ಹೇಗೆ? ಕನ್ಸರ್ಟ್ ವಿಡಿಯೋ ಒಮ್ಮೆ ನೋಡಿ. ಬೀಟ್ ಬಿದ್ದಾಗ ಪಲ್ಲವಿ ಹಾಡುವುದು ಜನರ ಕಾಲುಗಳು.

ಷಡ್ಜ:

ನಾನು ಹಾಡು ಕಲಿಸುವವಳು. ಹಾಗಾಗಿ ಇಲ್ಲಿಯತನಕ ಯಾರೂ ಎತ್ತದ ಒಂದು ಹಾಡಿನ ಬಗ್ಗೆ ಹೇಳಲೇಬೇಕು. 'ಗೋಲ್ಡನ್'.

ಕಾರ್ಟೂನ್ ಸಿನಿಮಾದ ಹಾಡು ಅಂತ ಪಕ್ಕಕ್ಕಿಟ್ಟವರು ಇದ್ದಾರೆ. 'ಕೆಪಾಪ್ ಡೀಮನ್ ಹಂಟರ್ಸ್' 2025ರ ಜೂನ್ 20ಕ್ಕೆ ನೆಟ್‌ಫ್ಲಿಕ್ಸ್‌ಗೆ ಬಂತು. ಆಗಸ್ಟ್‌ನಲ್ಲಿ ಈ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಚಾರ್ಟ್‌ನಲ್ಲಿ ಒಂದನೇ ಸ್ಥಾನ ಹಿಡಿಯಿತು. ಒಟ್ಟು 8 ವಾರ ಅಲ್ಲಿತ್ತು. ಸಿನಿಮಾದ ಹಂಟ್ರಿಕ್ಸ್ ಅನ್ನುವ ಗುಂಪಿಗೆ ಕಂಠ ಕೊಟ್ಟಿದ್ದು ಈಜೆ, ಆಡ್ರಿ ನೂನಾ, ರೇ ಆಮಿ.

ಈ ಹಾಡು ಹೇಗೆ ಕಟ್ಟಿದೆ ನೋಡಿ. ಮೊದಲ ಸಾಲುಗಳು ಮಾತಾಡುವ ಎತ್ತರದಲ್ಲೇ ಇವೆ. ಯಾರು ಬೇಕಾದರೂ ಹಾಡಬಹುದು. ಆಮೇಲೆ ಒಂದೊಂದೇ ಮೆಟ್ಟಿಲು. ಪಲ್ಲವಿಯಲ್ಲೂ ಒಂದೇ ಸಲ ಮೇಲೆ ಹಾರುವುದಿಲ್ಲ, ಏರುತ್ತಾ ಏರುತ್ತಾ ಎ5 ಅನ್ನುವ ತುಂಬಾ ಎತ್ತರದ ಸ್ವರ ಮುಟ್ಟುತ್ತದೆ. ನನ್ನ ಹತ್ತಿರ ಕಲಿಯುವ ಮಕ್ಕಳು ಅಲ್ಲಿಗೆ ಬಂದಾಗ ಕತ್ತು ಬಿಗಿ ಮಾಡುತ್ತಾರೆ. ದನಿ ಒಡೆಯುತ್ತದೆ. ಆದರೂ ಬಿಡುವುದಿಲ್ಲ, ನಾಳೆ ಮತ್ತೆ ಬಂದು ಅದನ್ನೇ ಹಾಡುತ್ತಾರೆ. ಕತೆಯಲ್ಲಿ ಆ ಗುಂಪಿನ ರೂಮಿ ಮುಚ್ಚಿಟ್ಟುಕೊಂಡಿದ್ದನ್ನು ಬಿಟ್ಟು ಹೊರಗೆ ಬರಲು ಒದ್ದಾಡುತ್ತಾಳೆ. ಹಾಡುವವರ ಗಂಟಲಿಗೂ ಅದೇ ಒದ್ದಾಟ ಬರುವ ಹಾಗೆ ರಾಗ ಬರೆದಿದ್ದಾರೆ.

ಇದನ್ನು ಬರೆದವರಲ್ಲಿ ಈಜೆ ಕೂಡ ಒಬ್ಬರು. ಎಸ್ಎಂ ಎಂಟರ್‌ಟೈನ್‌ಮೆಂಟ್ ಅನ್ನುವ ಕೊರಿಯಾದ ಕಂಪನಿಯಲ್ಲಿ ಚಿಕ್ಕ ವಯಸ್ಸಿನಿಂದ ಎಷ್ಟೋ ವರ್ಷ ಟ್ರೇನಿ ಆಗಿದ್ದವರು, ಡೆಬ್ಯೂ (ಗಾಯಕಿಯಾಗಿ ಮೊದಲ ಪ್ರವೇಶ) ಮಾತ್ರ ಆಗಲೇ ಇಲ್ಲ. ಆಮೇಲೆ ಹಾಡು ಬರೆಯಲು ಶುರು ಮಾಡಿದರು. ರೆಡ್ ವೆಲ್ವೆಟ್‌ನ 'ಸೈಕೋ' ಬರೆದವರಲ್ಲೂ ಇವರಿದ್ದಾರೆ. ಲೈಟ್‌ಸ್ಟಿಕ್ ಅವರು ಹೇಳಿದ ಆ ಜಾಗವೇ ಸಿಗದ ಹುಡುಗಿ ಇವರೇ ಅಲ್ವಾ? ಆ ಎತ್ತರದ ಸ್ವರ ಕೇಳುವಾಗ ನನಗೆ ಆ ವರ್ಷಗಳೆಲ್ಲ ನೆನಪಾಗುತ್ತವೆ.

ಕೇಳುಗಿ:

ಷಡ್ಜ ಅವರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. 'ಗೋಲ್ಡನ್' ನನ್ನ ಪಟ್ಟಿಯಲ್ಲಿ ಮೇಲೆಯೇ ಇತ್ತು, ಆದರೆ ಎಲ್ಲರೂ ಬರೆದಿದ್ದಾರೆ ಅಂತ ಬಿಟ್ಟಿದ್ದೆ. ಬಿಡಬಾರದಿತ್ತು.

ಲೈಟ್‌ಸ್ಟಿಕ್ ಅವರೇ, 'ಜಂಪ್' ವಿಡಿಯೋ ನೋಡಿದೆ. ಜನ ನೆಗೆಯುವುದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ನನ್ನ ದೂರು ಅಲ್ಲೇ ಇದೆ. ಸ್ಟೇಡಿಯಂಗೆ ಹೋಗಲು ಆಗದವರೇ ಜಾಸ್ತಿ. ಅವರ ಪಾಲಿಗೂ ಹಾಡು ಹಾಡಾಗಿರಬೇಕು.

ಮರುಕೇಳು:

ತಡವಾಗಿ ಬಂದೆ. ಒಂದು ಗಮನಿಸಿ. ಬಂದಾಗ ಯಾರೂ ಅಷ್ಟು ಕೇಳದೆ, ವರ್ಷಗಳಾದ ಮೇಲೆ ಮೇಲೆದ್ದ ಹಾಡುಗಳು ಈಚೆಗೆ ಎಷ್ಟೊಂದಿವೆ. ಡೇ6 ಬ್ಯಾಂಡ್‌ನ 2019ರ 'ಟೈಮ್ ಆಫ್ ಅವರ್ ಲೈಫ್' ಕೊರಿಯಾದ ಚಾರ್ಟ್‌ನಲ್ಲಿ 2024ರಲ್ಲಿ ಮೇಲೆ ಬಂತು. ವುಡ್ಸ್ ಅವರ 'ಡ್ರೌನಿಂಗ್' 2023ರ ಹಾಡು. ಅವರು ಮಿಲಿಟರಿ ಸೇವೆಯಲ್ಲಿದ್ದಾಗ ಸಮವಸ್ತ್ರದಲ್ಲೇ ಟಿವಿ ಕಾರ್ಯಕ್ರಮದಲ್ಲಿ ಹಾಡಿದರು. ಆ ವಿಡಿಯೋ ಹರಡಿ 2025ರಲ್ಲಿ ಹಾಡು ಚಾರ್ಟ್‌ನ ತುದಿಗೆ ಹೋಯಿತು. ಅಮೆರಿಕದಲ್ಲಿ ಚಾಪೆಲ್ ರೋನ್ ಅವರ 'ಪಿಂಕ್ ಪೋನಿ ಕ್ಲಬ್' ಬಂದಿದ್ದು 2020ರಲ್ಲಿ, ಮೊದಲ ಹತ್ತರೊಳಗೆ ಬಂದಿದ್ದು 2025ರಲ್ಲಿ.

ಮೂರೂ ಬ್ಯಾಂಡ್ ಸದ್ದಿನ ಹಾಡುಗಳು, ಅಥವಾ ಅದಕ್ಕೆ ಹತ್ತಿರ. ಮೂರರಲ್ಲೂ ಗಂಟಲು ಬಿಟ್ಟು ಹಾಡುವ ಜಾಗ ಇದೆ. ಹದಿನೈದು ಸೆಕೆಂಡಿನ ಸೆಳೆಯುವ ತುಣುಕು ಇಲ್ಲದೆಯೂ ಇವು ಬದುಕಿದವು. ಕಂಪನಿಗಳು ಇದನ್ನು ನೋಡಬೇಕು.

ಬೇಸ್‌ಲೈನ್:

ಇದಕ್ಕೆ ನಾನು ಪೂರ್ತಿ ಒಪ್ಪಿದೆ. 'ಡ್ರೌನಿಂಗ್' ವಿಡಿಯೋ ನಾನೂ ಎಷ್ಟು ಸಲ ನೋಡಿದ್ದೀನೋ.

ಬೇರೆ ಒಂದು ವಿಷಯ. ಚಾರ್ಟ್ ಸಂಖ್ಯೆ ನೋಡಿ ಹಾಡು ಅಳೆಯುವುದನ್ನು ಬಿಡಬೇಕು ಅನ್ನಿಸುತ್ತದೆ. ಟೇಲರ್ ಸ್ವಿಫ್ಟ್ ಅವರ 'ದ ಲೈಫ್ ಆಫ್ ಎ ಶೋಗರ್ಲ್' 2025ರ ಅಕ್ಟೋಬರ್ 3ಕ್ಕೆ ಬಂದು ಮೊದಲ ವಾರ ಅಮೆರಿಕದಲ್ಲೇ 40 ಲಕ್ಷ ಪ್ರತಿಗಳ ಲೆಕ್ಕ ದಾಟಿತು, ಅಡೆಲ್ ಅವರ 2015ರ ದಾಖಲೆ ಮುರಿಯಿತು. ಒಂದೇ ಆಲ್ಬಂ ಎಷ್ಟೋ ಕವರ್‌ಗಳಲ್ಲಿ ಬಂದಿತ್ತು ಅನ್ನುವುದೂ ಅದರಲ್ಲಿ ಸೇರಿದೆ. ಕೆ-ಪಾಪ್‌ನಲ್ಲಿ ಈ ಪದ್ಧತಿ ಹಳೆಯದು. ಬೇರೆ ಬೇರೆ ಆವೃತ್ತಿ, ಆಲ್ಬಂ ಒಳಗೆ ಯಾವುದು ಬರುತ್ತದೋ ಗೊತ್ತಿಲ್ಲದ, ಗಾಯಕರ ಫೋಟೋಕಾರ್ಡ್. ಅಭಿಮಾನಿಗಳ ಪ್ರೀತಿ ನಿಜ. ಆದರೆ ಆ ಸಂಖ್ಯೆಯಲ್ಲಿ ಹಾಡು ಎಷ್ಟು, ಕಾರ್ಡ್ ಎಷ್ಟು?

ಕೇಳುಗಿ:

'ಶೋಗರ್ಲ್' ಬಗ್ಗೆ ನನ್ನ ಬೇಸರ ಬೇರೆ. ಹಿಂದೆ ಟೇಲರ್ ಜೊತೆ ಹಾಡು ಮಾಡಿದ್ದ ಮ್ಯಾಕ್ಸ್ ಮಾರ್ಟಿನ್, ಶೆಲ್‌ಬ್ಯಾಕ್ ವಾಪಸ್ ಬಂದಿದ್ದಾರೆ. 12 ಹಾಡೂ ಹೊಳೆಯುತ್ತವೆ, ಒಂದೂ ಜೋಲು ಬಿದ್ದಿಲ್ಲ. ಆದರೆ ಬ್ರಿಡ್ಜ್ ಬರೆಯುವುದರಲ್ಲೇ ಹೆಸರಾದವರು ಟೇಲರ್. ಈ ಆಲ್ಬಂ ಮುಗಿದ ಮೇಲೆ ನನಗೆ ಒಂದು ಬ್ರಿಡ್ಜೂ ಬಾಯಿಗೆ ಬರಲಿಲ್ಲ. ಪಲ್ಲವಿಗಳು ಬಂದವು.

ಕ್ಯಾಟ್ಸ್‌ಐ ಅನ್ನುವ ಗುಂಪಿನ ಬಗ್ಗೆ ಯಾರೂ ಹೇಳಲಿಲ್ಲ. ಆರು ಜನ, ಕೊರಿಯಾದವರು ಒಬ್ಬರೇ, ತರಬೇತಿ ಮಾತ್ರ ಕೆ-ಪಾಪ್ ಥರ. 2025ರ ಏಪ್ರಿಲ್‌ನಲ್ಲಿ ಬಂದ 'ನಾರ್ಲಿ' ಗದ್ದಲವನ್ನೇ ಹಾಡು ಮಾಡಿದೆ, ಅದು ನನ್ನ ಕಿವಿಗೆ ಅಲ್ಲ. ಜೂನ್‌ನಲ್ಲಿ 'ಗ್ಯಾಬ್ರಿಯೆಲಾ' ಬಂತು. ನನ್ನ ಗೆಳೆಯನನ್ನು ಬಿಟ್ಟುಬಿಡು ಅಂತ ಇನ್ನೊಬ್ಬಳನ್ನು ಕೇಳಿಕೊಳ್ಳುವ ಹಾಡು. ಪೂರ್ತಿ ಇಂಗ್ಲಿಷ್‌ನಲ್ಲಿ ಹೋಗುತ್ತಿದ್ದದ್ದು ಬ್ರಿಡ್ಜ್‌ನಲ್ಲಿ ಗುಂಪಿನ ಡ್ಯಾನಿಯೆಲಾ ಬಾಯಲ್ಲಿ ಸ್ಪ್ಯಾನಿಷ್ ಆಗುತ್ತದೆ. ತುಂಬಾ ನೋವಾದಾಗ ಮನುಷ್ಯ ಮನೆಮಾತಿಗೆ ಹೋಗುವುದಿಲ್ವಾ, ಹಾಗೆ. ಕೆಲವೇ ಸೆಕೆಂಡು. ಆದರೆ ಆ ಹಾಡು ಉಳಿದಿದ್ದು ಆ ಕೆಲವು ಸೆಕೆಂಡಿನಿಂದ.

ಲೈಟ್‌ಸ್ಟಿಕ್:

ಭಾಷೆಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಾನು ಸ್ವಲ್ಪ ಸ್ವಲ್ಪ ಕೊರಿಯನ್ ಕಲಿಯುತ್ತಿದ್ದೇನೆ. ಕನ್ನಡದ ಹಾಗೆ ಅಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ಅಲ್ಲೂ ಪದಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗುತ್ತಾರೆ. ಹಾಗಾಗಿ ಕೊರಿಯನ್ ಸಾಲು ಕೇಳುವಾಗ ಬಿಟ್ಟು ಹೋದನೋ, ಕಾಯುತ್ತಿದ್ದಾನೋ ಅಂತ ಕೊನೆಯ ಅಕ್ಷರದ ತನಕ ಗೊತ್ತಾಗುವುದಿಲ್ಲ. ಆ ಕಾಯುವಿಕೆ ನನಗೆ ತುಂಬಾ ಇಷ್ಟ. ಈಗ ಕೆ-ಪಾಪ್‌ನಲ್ಲಿ ಪೂರ್ತಿ ಇಂಗ್ಲಿಷ್ ಹಾಡುಗಳು ಜಾಸ್ತಿ ಆಗುತ್ತಿವೆ. ಜಗತ್ತಿಗೆ ಹತ್ತಿರ ಆಗಬೇಕು, ಸರಿ. ಆದರೆ 'ಆಪಟ್' ಜಗತ್ತಿನ ಬಾಯಲ್ಲಿ ಕೂತಿದ್ದು ಒಂದು ಕೊರಿಯನ್ ಪದದಿಂದಲೇ. ಅಪಾರ್ಟ್‌ಮೆಂಟ್‌ಗೆ ಅವರು ಹೇಳುವ 'ಆಪಾಟು', ಗೆಳೆಯರು ಕೂತು ಆಡುವ ಆಟದ ಕೂಗು. ಅದನ್ನು ಇಂಗ್ಲಿಷ್ ಮಾಡಿದ್ದರೆ ಡ್ರಮ್ ಹೊಡೆದ ಹಾಗೆ ಕೇಳುತ್ತಿತ್ತಾ?

'ಗೋಲ್ಡನ್'ನಲ್ಲೂ ಕೊರಿಯನ್ ಸಾಲುಗಳನ್ನು ಬಿಡದೆ ಇಟ್ಟಿದ್ದಾರೆ. ಅರ್ಥ ಗೊತ್ತಿಲ್ಲದ ಮಕ್ಕಳೂ ಅದನ್ನು ಹಾಗೇ ಹಾಡುತ್ತಿದ್ದಾರೆ.

ಷಡ್ಜ:

ಹೌದು, ನನ್ನ ಮಕ್ಕಳು ಆ ಸಾಲುಗಳನ್ನು ಇಂಗ್ಲಿಷ್‌ಗಿಂತ ಸ್ಪಷ್ಟವಾಗಿ ಹಾಡುತ್ತಾರೆ. ಸ್ವರದಿಂದ ಮುಗಿಯುವ ಪದಗಳು ಜಾಸ್ತಿ ಇರುವುದರಿಂದ ಬಾಯಿ ತೆರೆದೇ ಇರುತ್ತದೆ ಅಂತ ನನ್ನ ಊಹೆ.

ಭಾಷೆ, ಬ್ರಿಡ್ಜ್ ಎರಡೂ ಒಟ್ಟಿಗೆ ಬೇಕು ಅನ್ನುವವರು ರೊಸಾಲಿಯಾ ಅವರ 'ಲಕ್ಸ್' ಕೇಳಿ. 2025ರ ನವೆಂಬರ್ 7ಕ್ಕೆ ಬಂತು. 13 ಭಾಷೆಗಳಲ್ಲಿ ಹಾಡಿದ್ದಾರೆ, ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದೆ. ಮೊದಲು 'ಬರ್ಗೈನ್' ಹಾಕಿ. ತಂತಿವಾದ್ಯ, ಜರ್ಮನ್ ಕೋರಸ್, ಅದರ ಮೇಲೆ ಒಪೆರಾ ಥರ ಆಕೆಯ ಕಂಠ. ಮೂರು ನಿಮಿಷಕ್ಕಿಂತ ಜಾಸ್ತಿ ಇಲ್ಲ. ಕೇಳಿದ ಮೇಲೆ ಹೇಳಿ.

ಕೇಳುಗಿ:

ಕೇಳಿದೆ, ಮೂರು ಸಲ. ವಾದ್ಯಗಳೆಲ್ಲ ಓಡುತ್ತಾ ಓಡುತ್ತಾ ಒಮ್ಮೆ ದಾರಿ ಬಿಡುತ್ತವೆ, ಅಲ್ಲಿ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ದನಿ ಬರುತ್ತದೆ. ಬೇರೆ ಕಂಠ, ಬೇರೆ ಭಾಷೆ, ಬೇರೆ ಗಾಳಿ. ಅಲ್ಲಿಂದಾಚೆ ಹಾಡು ಮೊದಲಿನ ಜಾಗಕ್ಕೆ ವಾಪಸ್ ಬರುವುದೇ ಇಲ್ಲ. ದಾಟಿ ಹೋಗಿ ಆಚೆ ದಡದಲ್ಲೇ ಮುಗಿಯುತ್ತದೆ.

ಬೇಸ್‌ಲೈನ್ ಅವರೇ, ನಿಮ್ಮ ಲೆಕ್ಕದಲ್ಲಿ ಇದು ಬ್ರಿಡ್ಜ್ ಹೌದಾ, ಅಲ್ವಾ?

ಬೇಸ್‌ಲೈನ್:

ಹೌದು ಅನ್ನುತ್ತೇನೆ. ನಾಲ್ಕನೇ ಸಲ ಕೇಳುತ್ತಾ ಇದ್ದೀನಿ, ತಾಳಿ.